ವಿಟಮಿನ್ ಸಿ ಮಾತ್ರೆ ಮತ್ತು ಪುಡಿ: ಶುದ್ಧತೆ, ಮನೆಬಳಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಶಾಪಿನ ಕಿತ್ತಳೆ ಬಣ್ಣದ ಚೀಪುವ ಮಾತ್ರೆ, ನೀರಿಗೆ ಹಾಕಿದರೆ ಬುಸ್ಸೆನ್ನುವ ಬಿಲ್ಲೆ, ಆನ್‌ಲೈನಿನಲ್ಲಿ ಅರ್ಧ ಕಿಲೋ ಡಬ್ಬಿಯಲ್ಲಿ ಬರುವ ಬಿಳಿ ಪುಡಿ. ಎಲ್ಲದಕ್ಕೂ ಹೆಸರು ವಿಟಮಿನ್ ಸಿ. ಜನ ಕೇಳುವುದು ಮುಖ್ಯವಾಗಿ ಎರಡೇ: "ಇದು ಅಸಲಿಯಾ?" ಮತ್ತು "ನುಂಗೋದು ಬಿಟ್ಟರೆ ಇನ್ನೇನಕ್ಕೆ ಬರುತ್ತೆ?" ಎರಡಕ್ಕೂ ಇಲ್ಲಿ ಉತ್ತರ ಇದೆ. ಕಾಯಿಲೆ ಇದ್ದವರು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನೂ ಒಂದು ಮಾತು ಕೇಳಿ.

ಮಾತ್ರೆಯೊಳಗೆ ನಿಜವಾಗಿ ಇರುವುದೇನು?

ಆಸ್ಕಾರ್ಬಿಕ್ ಆಸಿಡ್. ಬಿಳಿ ಹರಳು, ಹುಳಿ ರುಚಿ, ನೀರಿನಲ್ಲಿ ಸಲೀಸಾಗಿ ಕರಗುತ್ತೆ. ಕಿತ್ತಳೆ ಬಣ್ಣ, ಕಿತ್ತಳೆ ವಾಸನೆ, ಸಿಹಿ ಎಲ್ಲ ಆಮೇಲೆ ಸೇರಿಸಿದ್ದು. ಯಾವ ಕಾರ್ಖಾನೆಯಲ್ಲೂ ಕಿತ್ತಳೆ ಹಿಂಡಿ ಈ ಮಾತ್ರೆ ಮಾಡುವುದಿಲ್ಲ. 1933ರಲ್ಲಿ ಟಾಡಿಯಸ್ ರೈಕ್‌ಸ್ಟೈನ್ ಇದನ್ನು ಸಕ್ಕರೆಯಿಂದ ತಯಾರಿಸುವ ದಾರಿ ಕಂಡುಹಿಡಿದರು. ಮರುವರ್ಷವೇ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ರೆಡಾಕ್ಸಾನ್ ಅನ್ನುವ ಹೆಸರಿನಲ್ಲಿ ಮಾರಲು ಶುರುಮಾಡಿತು. ಈಗ ಜಗತ್ತಿನ ಬಹುಪಾಲು ವಿಟಮಿನ್ ಸಿ ಬರುವುದು ಚೀನಾದಿಂದ. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್, ಅದರಿಂದ ಸಾರ್ಬಿಟಾಲ್, ಆಮೇಲೆ ಬ್ಯಾಕ್ಟೀರಿಯಾ ಬಿಟ್ಟು ಹುದುಗಿಸುವುದು, ಕೊನೆಗೆ ಆಸ್ಕಾರ್ಬಿಕ್ ಆಸಿಡ್. ಡಬ್ಬಿ ಮೇಲೆ ಯಾವ ದೇಶದ ಬಾವುಟ ಇದ್ದರೂ ಒಳಗಿನ ಪುಡಿ ಇದೇ ದಾರಿಯಲ್ಲಿ ಬಂದಿರುವ ಸಾಧ್ಯತೆಯೇ ಜಾಸ್ತಿ.

ಇದರ ಒಂದು ಗುಣ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಗಾಳಿಯ ಆಮ್ಲಜನಕ ಇರಲಿ, ಕ್ಲೋರಿನ್ ಇರಲಿ, ಅಯೋಡಿನ್ ಇರಲಿ, ಸಿಕ್ಕಿದ ತಕ್ಷಣ ಇದು ತನ್ನ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ. ತಾನು ಹಾಳಾಗಿ ಪಕ್ಕದ್ದನ್ನು ಉಳಿಸುತ್ತೆ. ಇದರಿಂದ ಆಗುವ ಕೆಲಸಗಳೂ, ಇದು ಬೇಗ ಕೆಡುವುದೂ, ಇದನ್ನು ಪರೀಕ್ಷೆ ಮಾಡುವ ವಿಧಾನವೂ ಎಲ್ಲ ಇದೇ ಗುಣದಿಂದ ಬಂದದ್ದು.

"ನೈಸರ್ಗಿಕ ವಿಟಮಿನ್ ಸಿ" ಅಂತ ನಾಲ್ಕು ಪಟ್ಟು ರೇಟಿಗೆ ಮಾರುತ್ತಾರೆ. ವ್ಯತ್ಯಾಸ ಇದೆಯಾ?

ವಿಟಮಿನ್ ಮಟ್ಟಿಗೆ ಇಲ್ಲ. ನೆಲ್ಲಿಕಾಯಿಯಲ್ಲಿರುವ ಅಣು, ಕಾರ್ಖಾನೆಯ ಅಣು ಎರಡೂ ಒಂದೇ. ಹಣ್ಣಿನಲ್ಲಿ ಜೊತೆಗೆ ನಾರು, ಬೇರೆ ಪೋಷಕಾಂಶ ಇರುತ್ತವೆ, ಅದು ಹಣ್ಣಿನ ಹೆಚ್ಚುಗಾರಿಕೆ. ಆದರೆ ಹಣ್ಣಿನ "ಸಾರ" ಎಂದು ಮಾತ್ರೆ ಮಾಡಿದಾಗ ಅದೆಲ್ಲ ಎಷ್ಟು ಉಳಿಯುತ್ತೆ ಅನ್ನೋದು ಬೇರೆ ಮಾತು. ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ನೆಲ್ಲಿಕಾಯಿ ಚಿತ್ರದ ಹಿಂದೆ "ಆಸ್ಕಾರ್ಬಿಕ್ ಆಸಿಡ್" ಅಥವಾ "ಐ.ಎನ್.ಎಸ್. 300" (ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಡುವ ಸಂಖ್ಯೆ) ಅಂತ ಇದ್ದರೆ ಎರಡೂ ಒಂದೇ ಪುಡಿ. ಹಣ್ಣೇ ಬೇಕು ಅನ್ನುವವರಿಗೆ ಸೀಬೆಹಣ್ಣು ಇದೆಯಲ್ಲ. 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ಸಿಗುತ್ತೆ. ತಳ್ಳುಗಾಡಿಯಲ್ಲಿ ಉಪ್ಪು ಖಾರ ಹಚ್ಚಿ ಕೊಡುವ ಒಂದು ಸೀಬೆ ಇಡೀ ದಿನಕ್ಕೆ ಸಾಕು.

"ಶೇಕಡ 99 ಶುದ್ಧ" ಅಂದರೆ ಏನರ್ಥ? ಉಳಿದ 1 ಏನು?

ಔಷಧಿ ದರ್ಜೆಯ ಪುಡಿಗೆ ಫಾರ್ಮಕೋಪಿಯಗಳು, ಅಂದರೆ ಔಷಧಿಗಳ ಗುಣಮಟ್ಟ ಹೇಳುವ ಅಧಿಕೃತ ಪುಸ್ತಕಗಳು, ಕಟ್ಟಿರುವ ಮಿತಿ ಇದು. ಅಮೆರಿಕದ ಪುಸ್ತಕದಲ್ಲಿ 99.0ರಿಂದ 100.5. ನೂರಕ್ಕಿಂತ ಜಾಸ್ತಿ ಹೇಗೆ ಅಂತ ಗಾಬರಿಯಾಗಬೇಡಿ, ಅಳತೆಯಲ್ಲಿ ಆಗುವ ಸಣ್ಣ ಏರುಪೇರಿಗೆ ಬಿಟ್ಟ ಜಾಗ ಅದು.

ನನ್ನನ್ನು ಕೇಳಿದರೆ 99 ಅನ್ನುವ ಅಂಕಿಗಿಂತ ಮುಖ್ಯವಾದದ್ದು ಉಳಿದ ಚೂರಿನಲ್ಲಿ ಏನಿದೆ ಅನ್ನೋದು. ಸ್ವಲ್ಪ ತೇವ ಇದ್ದರೆ ಪರವಾಗಿಲ್ಲ. ಸೀಸ ಇದ್ದರೆ ಚೂರೂ ಜಾಸ್ತಿಯೇ. ಹಾಗಾಗಿ ಪುಡಿ ಕೊಳ್ಳುವವರು ಮಾರುವವರ ಹತ್ತಿರ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಬೇಕು. ಡಬ್ಬಿ ಮೇಲಿನ ಬ್ಯಾಚ್ ನಂಬರೂ ವರದಿಯ ನಂಬರೂ ಒಂದೇ ಇರಬೇಕು. ಅದರಲ್ಲಿ ಮೂರು ಸಾಲು ಹುಡುಕಿ: ಎಷ್ಟು ಶೇಕಡ, ಭಾರ ಲೋಹ ಎಷ್ಟು, ಮತ್ತು "ಸ್ಪೆಸಿಫಿಕ್ ರೊಟೇಶನ್". ಕೊನೆಯದ್ದು +20.5 ಮತ್ತು +21.5ರ ನಡುವೆ ಇರಬೇಕು. ಯಾಕೆ ಅಂತ ಕೆಳಗೆ ಮನೆಪರೀಕ್ಷೆಯ ಜಾಗದಲ್ಲಿ ಹೇಳಿದ್ದೇನೆ. ವರದಿ ಕೇಳಿದಾಗ "ನಮ್ಮದು ನೂರಕ್ಕೆ ನೂರು ಪ್ಯೂರ್ ಸಾರ್" ಅಂತ ಬರೀ ಬಾಯಿಮಾತು ಬಂದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಲ್ಯಾಬ್‌ಗೆ ಮಾರುವ ಪುಡಿ ಶುದ್ಧ ಇರುತ್ತಲ್ಲ, ಅದನ್ನು ತಿನ್ನಬಹುದಾ?

ಬೇಡ. ಅದರ ಶುದ್ಧತೆ ಅಳೆಯುವುದು ಪ್ರಯೋಗಕ್ಕೆ ಬೇಕಾದ ಲೆಕ್ಕದಲ್ಲಿ. ತಿನ್ನುವ ಪದಾರ್ಥಕ್ಕೆ ಬೇಕಾದ ಶುಚಿತ್ವ, ಸೂಕ್ಷ್ಮಾಣು ಪರೀಕ್ಷೆ, ಪ್ಯಾಕಿಂಗ್ ಅದಕ್ಕೆ ಇರಬೇಕೆಂದಿಲ್ಲ. ಬಟ್ಟೆ ಕಲೆಗೆ, ಬಕೆಟ್ಟಿಗೆ ಧಾರಾಳ ಬಳಸಿ.

ಲೇಬಲ್ ಓದುವುದು ಹೇಗೆ?

ನಮ್ಮಲ್ಲಿ ವಿಟಮಿನ್ ಸಿ ಎರಡು ಬಾಗಿಲಿನಿಂದ ಬರುತ್ತೆ. ಒಂದು ಔಷಧಿಯಾಗಿ, ಇನ್ನೊಂದು ಆಹಾರ ಪೂರಕವಾಗಿ.

ಔಷಧಿಯಾಗಿ ಬಂದದ್ದರ ಸ್ಟ್ರಿಪ್ ಮೇಲೆ ತಯಾರಿಕೆ ಲೈಸೆನ್ಸ್ ನಂಬರ್ ಇರುತ್ತೆ. ಆಸ್ಕಾರ್ಬಿಕ್ ಆಸಿಡ್ ಪಕ್ಕದಲ್ಲಿ "ಐ.ಪಿ." ಅಂತಲೂ ಇರುತ್ತೆ, ಅಂದರೆ ಇಂಡಿಯನ್ ಫಾರ್ಮಕೋಪಿಯದ ಅಳತೆಗೆ ಸರಿಹೊಂದಬೇಕು ಅಂತ. ಇದು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಹಾಗಾಗಿ ಬೆಲೆಗೂ ಕಡಿವಾಣ ಇದೆ. 500 ಮಿ.ಗ್ರಾಂ. ಮಾತ್ರೆ ಒಂದಕ್ಕೆ ಕೆಲವೇ ರೂಪಾಯಿ. ಲಿಮ್ಸೀ ಥರದ ಮಾತ್ರೆಗಳು ಈ ಸಾಲಿನವು.

ಆಹಾರ ಪೂರಕದ ಡಬ್ಬಿ ಮೇಲೆ ಎಫ್.ಎಸ್.ಎಸ್.ಎ.ಐ. ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, "ಔಷಧಿಯಾಗಿ ಬಳಸಲು ಅಲ್ಲ" ಅನ್ನುವ ಸಾಲು ಇರುತ್ತೆ. ಇವು ಕೆಟ್ಟವು ಅಂತಲ್ಲ. ಆದರೆ ಸುಮ್ನೆ ವಿಟಮಿನ್ ಸಿ ಒಂದೇ ಬೇಕಾದವರು ಮಿರಿಮಿರಿ ಡಬ್ಬಿಗೆ ಆರುನೂರು ಏಳುನೂರು ರೂಪಾಯಿ ಕೊಡುವುದು ನನಗಂತೂ ಅರ್ಥವಾಗದ ವಿಷಯ.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಮಕ್ಕಳನ್ನೂ ಕೂರಿಸಿಕೊಳ್ಳಿ. ಬೇಕಾದದ್ದು: 500 ಮಿ.ಗ್ರಾಂ.ನ ಒಂದು ಮಾತ್ರೆ, ಗಾಯಕ್ಕೆ ಹಾಕುವ ಶೇಕಡ 5ರ ಪೊವಿಡೋನ್ ಅಯೋಡಿನ್ ಬಾಟಲಿ (ಬೆಟಾಡಿನ್ ಅಂತ ಎಲ್ಲರೂ ಕರೆಯುವುದು), ಅನ್ನ ಬಸಿದ ಗಂಜಿ ಒಂದು ಚಮಚ, ಸೂಜಿಯಿಲ್ಲದ ಸಿರಿಂಜ್.

ಮಾತ್ರೆ ಪುಡಿ ಮಾಡಿ ಸರಿಯಾಗಿ ಅರ್ಧ ಲೀಟರ್ ನೀರಿನಲ್ಲಿ ಕಲಸಿ. ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್ ಇದ್ದರೆ ಪರೀಕ್ಷೆಗೆ ಮೊದಲೇ ಸ್ವಲ್ಪ ವಿಟಮಿನ್ ತಿಂದುಹಾಕುತ್ತೆ. ಫಿಲ್ಟರ್ ನೀರು ಸಾಕು. ಈಗ ಒಂದು ಮಿ.ಲೀ. ನೀರಿನಲ್ಲಿ ಒಂದು ಮಿ.ಗ್ರಾಂ. ವಿಟಮಿನ್ ಇದ್ದಂತಾಯಿತು. ಇದರಿಂದ 10 ಮಿ.ಲೀ. ಗಾಜಿನ ಲೋಟಕ್ಕೆ ಹಾಕಿ ನಾಲ್ಕು ಹನಿ ಗಂಜಿ ಬಿಡಿ. ಸಿರಿಂಜಿನಲ್ಲಿ ಅಯೋಡಿನ್ ತೆಗೆದುಕೊಂಡು ಒಂದೊಂದೇ ಹನಿ ಹಾಕುತ್ತಾ ಲೋಟ ಅಲ್ಲಾಡಿಸಿ.

ಕಂದು ಹನಿ ನೀರಿಗೆ ಬಿದ್ದ ಕೂಡಲೇ ಬಣ್ಣ ಮಾಯ. ಇನ್ನೊಂದು ಹನಿ, ಅದೂ ಮಾಯ. ಸುಮಾರು ಹೊತ್ತು ಹೀಗೇ ನಡೆಯುತ್ತೆ. ಆಮೇಲೆ ಹನಿ ಬಿದ್ದ ಜಾಗದಲ್ಲಿ ಮಸಿಯ ಹಾಗೆ ನೀಲಿ ಕಾಣಿಸಿ, ಅಲ್ಲಾಡಿಸಿದರೆ ಕರಗುತ್ತೆ. ಕೊನೆಗೆ ಒಂದು ಹನಿಗೆ ಇಡೀ ಲೋಟ ಕಡುನೀಲಿಯಾಗಿ ಹಾಗೇ ನಿಲ್ಲುತ್ತೆ. ವಿಟಮಿನ್ ಮುಗಿಯಿತು, ಇನ್ನು ಅಯೋಡಿನ್ ಗಂಜಿಯನ್ನು ಹಿಡಿದುಕೊಂಡಿತು ಅಂತ ಅರ್ಥ. ಲೆಕ್ಕದ ಪ್ರಕಾರ 10 ಮಿ.ಗ್ರಾಂ. ವಿಟಮಿನ್‌ಗೆ ಈ ಅಯೋಡಿನ್ ದ್ರಾವಣ 2.9 ಮಿ.ಲೀ. ಆಸುಪಾಸು ಬೇಕು. ಬಾಟಲಿಯಿಂದ ಬಾಟಲಿಗೆ ಅಯೋಡಿನ್ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಅದಕ್ಕೆ ನಂಬಿಕೆಯ ಮೆಡಿಕಲ್ ಶಾಪ್ ಮಾತ್ರೆಯೊಂದನ್ನೂ ನಿಮ್ಮ ಆನ್‌ಲೈನ್ ಪುಡಿಯನ್ನೂ ಅದೇ ಬಾಟಲಿಯಿಂದ ಅಕ್ಕಪಕ್ಕ ಪರೀಕ್ಷಿಸುವುದು ಸರಿಯಾದ ದಾರಿ. ಪುಡಿಗೆ ಅರ್ಧದಷ್ಟೇ ಅಯೋಡಿನ್ ಹಿಡಿದರೆ ಉಳಿದರ್ಧ ಬೇರೇನೋ. ಲ್ಯಾಬಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಅಲ್ಲಿ ಹನಿ ಅಳೆದು ಬಿಡಲು ಬ್ಯುರೆಟ್ ಅನ್ನುವ ಗಾಜಿನ ಕೊಳವೆ ಇರುತ್ತೆ ಅಷ್ಟೆ.

ಈ ಪರೀಕ್ಷೆಯಿಂದ ಒಂದು ದೊಡ್ಡ ಮೋಸ ಸಿಕ್ಕಿಬೀಳುತ್ತೆ. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುವ ಸಿಟ್ರಿಕ್ ಆಸಿಡ್ ನೋಡಲು, ರುಚಿಗೆ ವಿಟಮಿನ್ ಸಿ ಥರವೇ. ಬೆಲೆ ಮಾತ್ರ ತುಂಬಾ ಕಡಿಮೆ. ಅದಕ್ಕೆ ಅಯೋಡಿನ್ ಬಣ್ಣ ಅಳಿಸಲು ಬರುವುದಿಲ್ಲ, ಮೊದಲ ಹನಿಗೇ ನೀಲಿ.

ಸಿಕ್ಕಿಬೀಳದ ಮೋಸವೂ ಇದೆ. ಎರಿಥಾರ್ಬಿಕ್ ಆಸಿಡ್ ಅಂತ ಇನ್ನೊಂದಿದೆ, ಐ.ಎನ್.ಎಸ್. 315. ಆಸ್ಕಾರ್ಬಿಕ್ ಆಸಿಡ್‌ನ ಅವಳಿ ಅನ್ನಬಹುದು. ಆಹಾರ ಕೆಡದಂತೆ ಇಡಲು ಒಳ್ಳೆಯದು, ಆದರೆ ವಿಟಮಿನ್ ಆಗಿ ಅದರ ಕೆಲಸ ಇಪ್ಪತ್ತನೇ ಒಂದು ಭಾಗ ಮಾತ್ರ. ಅಯೋಡಿನ್ ಮುಂದೆ ಎರಡೂ ಒಂದೇ ಥರ ಆಡುತ್ತವೆ. ಬೆಳಕನ್ನು ತಿರುಗಿಸುವ ಅಳತೆಯಲ್ಲಿ ಮಾತ್ರ ಬೇರೆಯಾಗುತ್ತವೆ. ಮೇಲೆ ಹೇಳಿದ ಸ್ಪೆಸಿಫಿಕ್ ರೊಟೇಶನ್ ಸಾಲು ಅದಕ್ಕೇ. ಸೀಸ, ಆರ್ಸೆನಿಕ್ ಕೂಡ ಮನೆಯಲ್ಲಿ ಗೊತ್ತಾಗುವುದಿಲ್ಲ.

ಪರೀಕ್ಷೆ ಮಾಡಿದ ನೀರು ಚೆಲ್ಲಿ, ಕುಡಿಯಬೇಡಿ.

ಮಾತ್ರೆ ಕಂದು ಬಣ್ಣಕ್ಕೆ ತಿರುಗಿದೆ. ತಿನ್ನಬಹುದಾ?

ಒಂದೆರಡು ಕಂದು ಚುಕ್ಕೆ ಇದ್ದರೆ ವಿಷವೇನಲ್ಲ, ವಿಟಮಿನ್ ಕೆಡಲು ಶುರುವಾಗಿದೆ ಅಂತ. ಪೂರ್ತಿ ಕಂದಾಗಿ, ಒದ್ದೆಯಾಗಿ ಅಂಟಿಕೊಂಡಿದ್ದರೆ ಬಿಸಾಡಿ. ಇದಕ್ಕೆ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಮಲೆನಾಡು ಕರಾವಳಿಯ ಮನೆಗಳಲ್ಲಿ ಉಪ್ಪೇ ನೀರಾಗುವಾಗ ಬಾಯಿ ತೆರೆದ ವಿಟಮಿನ್ ಡಬ್ಬಿ ಎಷ್ಟು ದಿನ ತಡೆದೀತು? ಗಟ್ಟಿ ಮುಚ್ಚಳದ ಗಾಜಿನ ಶೀಷೆ, ಒಣ ಚಮಚ, ಬಿಸಿಲು ಬೀಳದ ಕಪಾಟು. ಅಡುಗೆಮನೆಯ ಒಲೆಪಕ್ಕ ಬೇಡ. ಒಮ್ಮೆ ನೀರಿನಲ್ಲಿ ಕರಗಿಸಿದ್ದನ್ನು ಅಂದಂದೇ ಬಳಸಿ ಮುಗಿಸಿ.

ತಾಮ್ರದ ತಂಬಿಗೆಯಲ್ಲಿ ಕರಗಿಸಿ ಕುಡಿದರೆ ಇನ್ನೂ ಒಳ್ಳೆಯದಲ್ವಾ?

ಉಲ್ಟಾ. ತಾಮ್ರದ ಅಂಶ ಚೂರೇ ಇದ್ದರೂ ವಿಟಮಿನ್ ಸಿ ಬೇಗ ಬೇಗ ಹಾಳಾಗುತ್ತೆ. ಮೇಲಾಗಿ ಹುಳಿ ತಾಮ್ರವನ್ನು ಕರಗಿಸುತ್ತೆ. ನಿಂಬೆ ಪಾನಕ, ಮಜ್ಜಿಗೆಯನ್ನು ಹಿರಿಯರು ತಾಮ್ರದಲ್ಲಿ ಇಡುತ್ತಿರಲಿಲ್ಲ. ಕಲಾಯಿ ಹಾಕಿಸುತ್ತಿದ್ದದ್ದೂ ಅದಕ್ಕೇ. ಗಾಜು ಅಥವಾ ಸ್ಟೀಲ್ ಲೋಟ ಸಾಕು.

"ಹೊಟ್ಟೆಗೆ ಹಿತ", "ಹುಳಿಯಿಲ್ಲದ" ಅಂತ ಬರುವ ವಿಟಮಿನ್ ಸಿ ಏನು?

ಸೋಡಿಯಂ ಆಸ್ಕಾರ್ಬೇಟ್ ಅಥವಾ ಕ್ಯಾಲ್ಸಿಯಂ ಆಸ್ಕಾರ್ಬೇಟ್. ಹುಳಿ ಕಡಿಮೆ, ಹೊಟ್ಟೆ ಉರಿಯುವವರಿಗೆ ಅನುಕೂಲ. ಒಂದು ಗ್ರಾಂ ಸೋಡಿಯಂ ಆಸ್ಕಾರ್ಬೇಟ್‌ನಲ್ಲಿ ಸುಮಾರು 890 ಮಿ.ಗ್ರಾಂ. ವಿಟಮಿನ್, 116 ಮಿ.ಗ್ರಾಂ. ಸೋಡಿಯಂ. ಬುಸ್ಸೆನ್ನುವ ಬಿಲ್ಲೆಗಳಲ್ಲಿ ಸೋಡಾ ಇರುವುದರಿಂದ ಸೋಡಿಯಂ ಇನ್ನೂ ಜಾಸ್ತಿ ಇರಬಹುದು. ಬಿಪಿಗೆ ಉಪ್ಪು ಬಿಟ್ಟವರು ಲೇಬಲ್ ನೋಡಿ.

ಚೀಪುವ ಮಾತ್ರೆಗೆ ಸಂಬಂಧಿಸಿ ಒಂದು ಮಾತು: ಹುಳಿ ಹಲ್ಲಿನ ಎನಾಮಲ್ ಸವೆಸುತ್ತೆ. ಮಕ್ಕಳು ಪೆಪ್ಪರ್‌ಮಿಂಟ್ ಥರ ಬಾಯಲ್ಲಿಟ್ಟುಕೊಂಡು ತಿರುಗುತ್ತಾರೆ. ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಡಬ್ಬಿಯೂ ಕೈಗೆಟುಕದ ಹಾಗಿರಲಿ.

ದಿನಕ್ಕೆ ಎಷ್ಟು ಬೇಕು?

ಐ.ಸಿ.ಎಂ.ಆರ್.ನ ಹೈದರಾಬಾದಿನ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ: ಗಂಡಸರಿಗೆ 80 ಮಿ.ಗ್ರಾಂ., ಹೆಂಗಸರಿಗೆ 65, ಬಸುರಿಗೆ 80, ಹಾಲೂಡಿಸುವ ತಾಯಿಗೆ 115. ಮಾತ್ರೆಯಲ್ಲಿ 500 ಇರುತ್ತೆ. ಸಾಲದು ಅಂತ 1000ದ್ದೂ ಬಂದಿದೆ. ಪ್ರಮಾಣ ಏರಿದಂತೆ ದೇಹ ಹೀರಿಕೊಳ್ಳುವ ಪಾಲು ಇಳಿಯುತ್ತೆ. ಒಂದು ಗ್ರಾಂ ದಾಟಿದರೆ ಅರ್ಧವೂ ಒಳಗೆ ಹೋಗುವುದಿಲ್ಲ, ಹೋದದ್ದರಲ್ಲಿ ಹೆಚ್ಚಿನದು ಮೂತ್ರದಲ್ಲಿ ಹೊರಗೆ. ದಿನಕ್ಕೆ 2000 ಮಿ.ಗ್ರಾಂ. ಮೇಲಿನ ಮಿತಿ. ಅದರಾಚೆ ಹೋದವರಿಗೆ ಹೊಟ್ಟೆ ನುಲಿತ, ಭೇದಿ ಸಾಮಾನ್ಯ.

ನೆಗಡಿ ಬರದಂತೆ ತಡೆಯುತ್ತಾ?

ಸಾಮಾನ್ಯ ಜನರಲ್ಲಿ ತಡೆಯುವುದಿಲ್ಲ. ದಿನಾ ತೆಗೆದುಕೊಳ್ಳುವ ದೊಡ್ಡವರಲ್ಲಿ ನೆಗಡಿಯ ಅವಧಿ ಶೇಕಡ 8ರಷ್ಟು, ಮಕ್ಕಳಲ್ಲಿ ಶೇಕಡ 14ರಷ್ಟು ಕಡಿಮೆಯಾಗಿದ್ದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿದ ಪ್ರಯೋಗಗಳಲ್ಲಿ ಕಂಡಿದೆ. ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ ಅಂದುಕೊಳ್ಳಿ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ಕಸರತ್ತು ಮಾಡುವ ಸೈನಿಕರಂಥವರಲ್ಲಿ ಮಾತ್ರ ನೆಗಡಿ ಬರುವುದೇ ಅರ್ಧಕ್ಕಿಳಿದಿತ್ತು. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಲಾಭ ಗಟ್ಟಿಯಾಗಿ ಕಂಡಿಲ್ಲ.

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಕೊಡಬಹುದಾ? ಇನ್ನು ಯಾರು ಹುಷಾರಾಗಿರಬೇಕು?

ಚೀಪುವ ಮಾತ್ರೆಯಲ್ಲಿ ಸಕ್ಕರೆ ಇರಬಹುದು, ನುಂಗುವ ಬಿಳಿ ಮಾತ್ರೆ ಕೇಳಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಕ್ತದಲ್ಲಿ ವಿಟಮಿನ್ ಸಿ ತುಂಬಾ ಜಾಸ್ತಿ ಇದ್ದರೆ ಬೆರಳು ಚುಚ್ಚಿ ನೋಡುವ ಮೀಟರ್ ಮೋಸಹೋಗಿ ಸಕ್ಕರೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ. ನರಕ್ಕೆ ಡ್ರಿಪ್ ಮೂಲಕ ಹೆಚ್ಚಿನ ಪ್ರಮಾಣ ಕೊಟ್ಟಾಗ ಇದು ದೊಡ್ಡ ಸಮಸ್ಯೆ. ಮೂತ್ರ ಪರೀಕ್ಷೆಯ ಬಣ್ಣದ ಪಟ್ಟಿಯಲ್ಲಿ ಇದರ ಉಲ್ಟಾ: ಇರುವ ಸಕ್ಕರೆಯನ್ನೂ ರಕ್ತವನ್ನೂ "ಇಲ್ಲ" ಅಂತ ತೋರಿಸಬಹುದು. ಲ್ಯಾಬಿಗೆ ಹೋದಾಗ ವಿಟಮಿನ್ ಸಿ ತೆಗೆದುಕೊಳ್ಳುತ್ತಿರುವುದನ್ನು ಹೇಳಿ.

ಕಿಡ್ನಿ ಕಲ್ಲು ಬಂದಿದ್ದವರು ಹೆಚ್ಚಿನ ಪ್ರಮಾಣದ ಹತ್ತಿರ ಹೋಗಬಾರದು, ಇದರ ಸ್ವಲ್ಪ ಭಾಗ ದೇಹದಲ್ಲಿ ಕಲ್ಲು ಕಟ್ಟುವ ಆಕ್ಸಲೇಟ್ ಆಗುತ್ತೆ. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಗಂಡಸರ ಅಧ್ಯಯನದಲ್ಲಿ ವಿಟಮಿನ್ ಸಿ ಮಾತ್ರೆ ನುಂಗುವವರಿಗೆ ಕಲ್ಲಿನ ಅಪಾಯ ಹೆಚ್ಚುಕಡಿಮೆ ಎರಡರಷ್ಟಿತ್ತು. ಥಲಸ್ಸೀಮಿಯಾ ಇರುವವರು, ಮೈಯಲ್ಲಿ ಕಬ್ಬಿಣ ತುಂಬುವ ಕಾಯಿಲೆಯವರು, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕಬ್ಬಿಣದ ಮಾತ್ರೆ ಜೊತೆ ಇದನ್ನೂ ನುಂಗಬೇಕು ಅಂತಾರಲ್ಲ?

ಊಟದಲ್ಲಿರುವ ಕಬ್ಬಿಣಕ್ಕೆ ಇದು ನಿಜ. ಸೊಪ್ಪಿನ ಪಲ್ಯ, ಕಾಳಿನ ಉಸಲಿ, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತೆ. ಕೋಸಂಬರಿಗೆ ನಿಂಬೆ ಹಿಂಡುವುದು ರುಚಿಗೂ ಆಯಿತು, ಇದಕ್ಕೂ ಆಯಿತು. ಮಾತ್ರೆಯ ವಿಷಯ ಬೇರೆ. ಚೀನಾದಲ್ಲಿ ರಕ್ತಹೀನತೆಯ 440 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಬ್ಬಿಣದ ಮಾತ್ರೆ ಒಂದೇ ತಿಂದವರೂ ವಿಟಮಿನ್ ಸಿ ಜೊತೆ ತಿಂದವರೂ ಒಂದೇ ಥರ ಚೇತರಿಸಿಕೊಂಡರು. ಊಟದ ಜೊತೆ ಟೀ ಕಾಫಿ ಬಿಡುವುದು ಇದಕ್ಕಿಂತ ಕೆಲಸಕ್ಕೆ ಬರುವ ಮಾತು.

ಇನ್ನು ಅಡುಗೆಮನೆ. ಹೆಚ್ಚಿದ ಹಣ್ಣು, ತರಕಾರಿ ಕಪ್ಪಾಗುವುದನ್ನು ತಡೆಯುತ್ತಾ?

ಚೆನ್ನಾಗಿ ತಡೆಯುತ್ತೆ. ಸೇಬು, ಬಾಳೆಕಾಯಿ, ಬದನೆ, ಬಾಳೆಹೂವು ಕಪ್ಪಾಗುವುದು ಗಾಳಿ ತಾಗಿ ಒಳಗಿನ ಕಿಣ್ವ ಕೆಲಸ ಶುರುಮಾಡುವುದರಿಂದ. ನಮ್ಮಲ್ಲಿ ಬಾಳೆಹೂವನ್ನು ಮಜ್ಜಿಗೆ ನೀರಿಗೆ ಹೆಚ್ಚಿ ಹಾಕುವುದೂ ಇದಕ್ಕೇ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈಕಟ್ಟುತ್ತೆ. ವಿಟಮಿನ್ ಸಿ ಕೈಕಟ್ಟುವುದರ ಜೊತೆಗೆ ಆಗಲೇ ಕಪ್ಪಾಗಲು ಹೊರಟದ್ದನ್ನೂ ಹಿಂದಕ್ಕೆ ತಿರುಗಿಸುತ್ತೆ. ಒಂದು ಲೀಟರ್ ನೀರಿಗೆ 750 ಮಿ.ಗ್ರಾಂ., ಅಂದರೆ ಬಿಳಿ 500ರ ಮಾತ್ರೆ ಒಂದೂವರೆ. ಹೋಳು ಮುಳುಗಿಸಿ ತೆಗೆದರೆ ಸಾಕು. ಮಕ್ಕಳ ಡಬ್ಬಿಗೆ ಸೇಬು ಕಳಿಸುವವರಿಗೆ ಇದು ವರ.

ಬಾಳೆಹೂವಿಗೆ ಮಾತ್ರ ನಾನು ಮಜ್ಜಿಗೆಯನ್ನೇ ಹಾಕುವುದು. ರುಚಿಗೆ ಅದೇ ಸೈ.

ಬ್ರೆಡ್ ಮಾಡುವವರು ಹಾಕುತ್ತಾರಂತೆ?

ಹೌದು. ಹಿಟ್ಟಿನ ಅಂಟು ಗಟ್ಟಿಯಾಗಿ ಬ್ರೆಡ್ ಚೆನ್ನಾಗಿ ಉಬ್ಬುತ್ತೆ. ಇಲ್ಲೊಂದು ತಮಾಷೆ ಇದೆ: ಹಿಟ್ಟಿನೊಳಗೆ ವಿಟಮಿನ್ ಸಿ ಮೊದಲು ತಾನೇ ಗಾಳಿಯಿಂದ ಆಕ್ಸಿಡೈಸ್ ಆಗಿ, ಆಮೇಲೆ ಎಲೆಕ್ಟ್ರಾನ್ ಕೊಡುವ ಬದಲು ಕಸಿದುಕೊಳ್ಳುತ್ತೆ. ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ 1961ರಲ್ಲಿ ಬಂದ ದಿಢೀರ್ ಬ್ರೆಡ್ ವಿಧಾನ ನಿಂತಿರುವುದು ಇದರ ಮೇಲೆ. ಬ್ರೆಡ್ ಉಬ್ಬಲು ಮೊದಲು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ ಬೇಕರಿಗಳು ಹಾಕಬಹುದಾದದ್ದರಲ್ಲಿ ಇದೂ ಒಂದು.

ಬೇಕಾದ ಪ್ರಮಾಣ ಅತಿ ಸ್ವಲ್ಪ. ಒಂದು 500ರ ಮಾತ್ರೆ ಹತ್ತು ಕಿಲೋ ಮೈದಾಕ್ಕೆ ಸಾಕು. ಅರ್ಧ ಕಿಲೋಗೆ ಚಿಟಿಕೆಯೂ ಹೆಚ್ಚಾದೀತು. ಹಾಗಾಗಿ ಒಂದು ಮಾತ್ರೆಯನ್ನು 20 ಚಮಚ ನೀರಿನಲ್ಲಿ ಕರಗಿಸಿ ಒಂದು ಚಮಚ ಹಾಕಿ. ಬೇಯುವಾಗ ವಿಟಮಿನ್ ಎಲ್ಲ ಹೋಗುತ್ತೆ, ಬ್ರೆಡ್ ತಿಂದರೆ ವಿಟಮಿನ್ ಸಿ ಸಿಗುತ್ತೆ ಅಂದುಕೊಳ್ಳಬೇಡಿ.

ಮನೆಯ ಜ್ಯೂಸು, ಸ್ಕ್ವಾಶ್‌ಗೆ ಹಾಕಬಹುದಾ?

ಕುಡಿಯುವ ಹೊತ್ತಿಗೆ ಹಾಕಿದರೆ ತೊಂದರೆಯಿಲ್ಲ. ಕೆಡದಂತೆ ಇರಲಿ ಅಂತ ಸೋಡಿಯಂ ಬೆಂಜೋಯೇಟ್ ಹಾಕಿ ಬಾಟಲಿಯಲ್ಲಿ ತುಂಬಿಡುವ ಸ್ಕ್ವಾಶ್‌ಗೆ ಮಾತ್ರ ಬೇಡ. ಇವೆರಡೂ ಸೇರಿ ಬಿಸಿಲು, ಶಾಖ ತಾಗಿದರೆ ಚೂರು ಚೂರು ಬೆಂಜೀನ್ ಹುಟ್ಟುತ್ತೆ, ಅದು ಕ್ಯಾನ್ಸರ್ ತರುವ ವಸ್ತು. ಸ್ಕ್ವಾಶನ್ನು ತಂಪಾಗಿ, ಕತ್ತಲಲ್ಲಿ ಇಡಿ.

ನೀರಿನ ಕ್ಲೋರಿನ್ ತೆಗೆಯಲು ಬಳಸುವುದು ಹೇಗೆ?

ಒಂದು ಮಿ.ಗ್ರಾಂ. ಕ್ಲೋರಿನ್‌ಗೆ ಎರಡೂವರೆ ಮಿ.ಗ್ರಾಂ. ವಿಟಮಿನ್ ಸಿ. ಲೀಟರಿಗೆ ಅರ್ಧ ಮಿ.ಗ್ರಾಂ. ಕ್ಲೋರಿನ್ ಇರುವ ನೀರು 200 ಲೀಟರ್ ಡ್ರಮ್ಮಿನಲ್ಲಿದ್ದರೆ 250 ಮಿ.ಗ್ರಾಂ., ಅಂದರೆ 500ರ ಅರ್ಧ ಮಾತ್ರೆಯಲ್ಲಿರುವಷ್ಟು. ಕಲಸಿದ ಕೂಡಲೇ ಕೆಲಸ ಮುಗಿಯುತ್ತೆ. ಮೀನಿನ ತೊಟ್ಟಿಗೆ ನೀರು ಬದಲಿಸುವವರಿಗೆ ಅನುಕೂಲ. ಬಣ್ಣ ಸಿಹಿ ಇಲ್ಲದ ಪುಡಿಯೇ ಆಗಬೇಕು.

ಕುಡಿಯುವ ನೀರಿನ ಸಂಪು, ಟ್ಯಾಂಕಿಗೆ ಹಾಕಬೇಡಿ. ಅಲ್ಲಿ ಕ್ಲೋರಿನ್ ಇರಲೇಬೇಕು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಉಳಿದಿರಬೇಕು ಅಂತ ಮಾನಕವೇ ಇದೆ. ಅದನ್ನು ತೆಗೆದು ನೀರು ಕೂಡಿಟ್ಟರೆ ರೋಗಾಣುಗಳಿಗೆ ನೀವೇ ಬಾಗಿಲು ತೆರೆದಂತೆ.

ವಿಟಮಿನ್ ಸಿ ಶವರ್ ಫಿಲ್ಟರ್ ಹಾಕಿಸಿದರೆ ಕೂದಲು ಉದುರುವುದು ನಿಲ್ಲುತ್ತಾ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ದೊಡ್ಡ ವ್ಯಾಪಾರ. ಫಿಲ್ಟರಿನೊಳಗಿನ ವಿಟಮಿನ್ ತೆಗೆಯುವುದು ಕ್ಲೋರಿನ್ ಒಂದನ್ನೇ. ಜನ ದೂರುವುದು ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನವನ್ನು. ಬಕೆಟ್ಟಿನ ಮೇಲೆ ಬಿಳಿ ಪೊರೆ ಕಟ್ಟುವುದು, ಸೋಪು ನೊರೆ ಬರದಿರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೆಲಸ. ವಿಟಮಿನ್ ಸಿ ಅದನ್ನು ಮುಟ್ಟುವುದೂ ಇಲ್ಲ. ಕ್ಲೋರಿನ್ನೇ ಹಾಕದ ಬೋರ್ ನೀರಿಗೆ ಈ ಫಿಲ್ಟರ್ ಹಾಕಿಸುವುದು ಮಳೆಯಿಲ್ಲದ ದಿನ ಕೊಡೆ ಹಿಡಿದಂತೆ.

ಬಟ್ಟೆ ಮೇಲಿನ ತುಕ್ಕಿನ ಕಲೆ ಹೋಗುತ್ತಾ?

ಮನೆಬಳಕೆಯಲ್ಲಿ ವಿಟಮಿನ್ ಸಿ ನಿಜಕ್ಕೂ ಗೆಲ್ಲುವ ಜಾಗ ಇದು. ಕಬ್ಬಿಣದಂಶದ ಬೋರ್ ನೀರು, ಮುರಕಲ್ಲಿನ ನೆಲದ ಬಾವಿನೀರು ಇರುವ ಊರುಗಳಲ್ಲಿ ಬಿಳಿ ಪಂಚೆ ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗುತ್ತೆ. ಕಬ್ಬಿಣದ ತಂತಿಗೆ ಒಣಹಾಕಿದ ಅಂಗಿಗೆ ಗೆರೆ ಬೀಳುತ್ತೆ. ಆಗ ಬಹಳ ಜನ ಮಾಡುವುದು ಬ್ಲೀಚ್ ಹಾಕುವುದು. ಅದರಿಂದ ತುಕ್ಕು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ.

ತುಕ್ಕಿನ ಕಬ್ಬಿಣ ನೀರಿಗೆ ಕರಗುವುದಿಲ್ಲ. ವಿಟಮಿನ್ ಸಿ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಕರಗುವ ರೂಪಕ್ಕೆ ತರುತ್ತೆ. ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲೆಯ ಜಾಗ ಮುಳುಗಿಸಿಡಿ. ಸ್ವಲ್ಪ ಹೊತ್ತಿಗೆ ಕಲೆಯ ಅಂಚು ಮಸುಕಾಗಿ, ಆಮೇಲೆ ನಡುವೆ ತೆಳುವಾಗುತ್ತಾ ಬರುತ್ತೆ. ಹಳೆಯ ಕಲೆಗೆ ಎರಡನೇ ಸಲ ಹೊಸ ನೀರು ಬೇಕಾಗಬಹುದು. ಕಲೆ ಹೋದ ಮೇಲೆ ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಆಮೇಲೇ ಸೋಪು ಹಾಕಿ. ಜಾಲಿಸದೆ ಬಿಟ್ಟರೆ ಉಳಿದ ಕಬ್ಬಿಣ ಗಾಳಿಗೆ ಮತ್ತೆ ತುಕ್ಕಾಗುತ್ತೆ. ಬಣ್ಣದ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಪರೀಕ್ಷಿಸಿ. ಕಿತ್ತಳೆ ಬಣ್ಣದ ಚೀಪುವ ಮಾತ್ರೆಯಿಂದ ಈ ಕೆಲಸಕ್ಕೆ ಇಳಿಯಬೇಡಿ, ಅದೇ ಇನ್ನೊಂದು ಕಲೆ.

ತುಕ್ಕಿಗೆ ಅಂತ ಮಾರುವ ಆಕ್ಸಾಲಿಕ್ ಆಸಿಡ್ ಇದಕ್ಕಿಂತ ಜೋರಾಗಿ ಕೆಲಸ ಮಾಡುತ್ತೆ. ಆದರೆ ಅದು ವಿಷ. ಮಕ್ಕಳಿರುವ ಮನೆಯಲ್ಲಿ ನಾನು ಇದನ್ನೇ ಆರಿಸುವೆ.

ಬಚ್ಚಲಿನ ಬಿಳಿ ಟೈಲ್ಸ್, ಕಮೋಡಿನ ಕೆಂಪು ಗೆರೆಗೂ ಇದೇ ಮದ್ದು. ಎರಡು ಎಚ್ಚರಿಕೆ. ಬ್ಲೀಚ್ ಪುಡಿ, ಬ್ಲೀಚ್ ದ್ರಾವಣದ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ. ಹುಳಿ ತಾಗಿದ ಬ್ಲೀಚ್ ಕ್ಲೋರಿನ್ ಅನಿಲ ಬಿಡುತ್ತೆ. ಮತ್ತೆ, ಅಮೃತಶಿಲೆ, ಕಡಪ ಕಲ್ಲು, ಶಹಾಬಾದ್ ಕಲ್ಲಿನ ಮೇಲೆ ಚೆಲ್ಲಬೇಡಿ. ಇವೆಲ್ಲ ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದರೆ ಹೊಳಪು ಹೋಗುತ್ತೆ. ಗ್ರಾನೈಟಿಗೆ ಅಷ್ಟು ಭಯವಿಲ್ಲ.

ಬೇರೆ ಕಲೆಗಳು?

ಬೆಟಾಡಿನ್ ಕಲೆ ಕಣ್ಣೆದುರೇ ಹೋಗುತ್ತೆ, ಮೇಲಿನ ಪರೀಕ್ಷೆಯೇ ಅದು. ಪೊಟ್ಯಾಸಿಯಂ ಪರ್ಮಾಂಗನೇಟ್‌ನಿಂದ ಕಂದಾದ ಬೆರಳೂ ಶುದ್ಧವಾಗುತ್ತೆ. ಅರಿಶಿನದ ಕಲೆಗೆ ಪ್ರಯೋಜನವಿಲ್ಲ, ಅದಕ್ಕೆ ಒಗೆದು ಬಿಸಿಲಿಗೆ ಹಾಕುವುದೇ ಮದ್ದು.

ಕೂದಲಿನ ಬಣ್ಣ ತೆಗೆಯಲು ಶಾಂಪೂ ಜೊತೆ ಹಚ್ಚುತ್ತಾರಲ್ಲ?

ಕೆಲವು ತೊಳೆದರೆ ಹೋಗುವ ಬಣ್ಣ ಒಂದಿಷ್ಟು ಮಸುಕಾಗಬಹುದು. ಮೆಹಂದಿ ಹೋಗುವುದಿಲ್ಲ. ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತೆ, ಕೂದಲು ಒರಟಾಗುತ್ತೆ.

ಮಾತ್ರೆ ಪುಡಿಮಾಡಿ ರೋಸ್‌ವಾಟರಿನಲ್ಲಿ ಕಲಸಿ ಮುಖಕ್ಕೆ ಹಚ್ಚಬಹುದಾ?

ಬೇಡ ಅಂತಲೇ ನನ್ನ ಮಾತು. ಅಂಗಡಿ ಸೀರಂಗಳಲ್ಲಿ ಶೇಕಡ 10ರಿಂದ 20 ವಿಟಮಿನ್ ಇದ್ದು, ಚರ್ಮದೊಳಗೆ ಇಳಿಯಲು ಹುಳಿಯ ಮಟ್ಟ ಪಿಎಚ್ 3.5ಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಮನೆಯಲ್ಲಿ ಅಳತೆ ತಪ್ಪಿದರೆ ಚರ್ಮ ಉರಿದು ಕೆಂಪಾಗುತ್ತೆ. ಮಾತ್ರೆಯಲ್ಲಿ ಬಣ್ಣ, ಸಕ್ಕರೆ, ಅಂಟು ಬೇರೆ ಇರುತ್ತವೆ. ಕಲಸಿಟ್ಟದ್ದು ಕೆಲವು ದಿನಕ್ಕೆ ಹಳದಿಯಾಗಿ ಕೆಲಸಕ್ಕೆ ಬಾರದಂತಾಗುತ್ತೆ.

ಗೀಸರ್, ಕೆಟಲ್‌ನ ಬಿಳಿ ಗಟ್ಟಿ ತೆಗೆಯಲು?

ಆಗುತ್ತೆ, ಆದರೆ ದುಡ್ಡು ದಂಡ. ಅದಕ್ಕೆ ನಿಂಬೆ ಉಪ್ಪೇ ಸಾಕು, ಅಗ್ಗ ಕೂಡ.

ಫೋಟೋ ತೊಳೆಯಲು ಬಳಸುತ್ತಾರೆ ಅನ್ನೋದು ನಿಜವಾ?

ನಿಜ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಮೂರನ್ನೂ ಕಲಸಿ ಕಪ್ಪು ಬಿಳುಪು ಫಿಲ್ಮ್ ಡೆವಲಪ್ ಮಾಡುವವರು ಇದ್ದಾರೆ. ಹೆಸರು ಕೆಫೆನಾಲ್. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ 1995ರಲ್ಲಿ ಕಾಫಿ, ಸೋಡಾದಿಂದ ಶುರುವಾದದ್ದು. ವಿಟಮಿನ್ ಸಿ ಆಮೇಲೆ ಸೇರಿಕೊಂಡಿತು. ವಾಸನೆ ಮಾತ್ರ ಕಾಫಿಯದ್ದಲ್ಲ, ಮೂಗು ಮುಚ್ಚಿಕೊಳ್ಳಬೇಕು ಅಂತ ಮಾಡಿದವರು ಹೇಳುತ್ತಾರೆ.

ಅವಧಿ ಮುಗಿದ ಮಾತ್ರೆ ಏನು ಮಾಡಲಿ?

ತಿನ್ನಬೇಡಿ. ಬಿಳಿ ಮಾತ್ರೆಯಾದರೆ ಪುಡಿಮಾಡಿ ಬಚ್ಚಲಿನ ತುಕ್ಕಿಗೆ ಹಾಕಿ, ಶಕ್ತಿ ಸ್ವಲ್ಪ ಕಡಿಮೆಯಾಗಿದ್ದರೂ ಅಲ್ಲಿ ನಡೆಯುತ್ತೆ. ಬಣ್ಣದ್ದಾದರೆ ಸ್ಟ್ರಿಪ್ಪಿನಿಂದ ಬಿಡಿಸಿ ಮಕ್ಕಳಿಗೆ ಸಿಗದ ಹಾಗೆ ಕಸಕ್ಕೆ ಹಾಕಿ.